ಬೆಂಡು ತೇಲಿದರೆ ಸಾಲದು: ಇಂಗ್ಲೆಂಡಿನ ಹೊಳೆಗಳಲ್ಲಿ ಶರತ್ಕಾಲದ ಗಾಳ

ಪ್ರಶ್ನೆ: ಲೀಡ್ಸ್‌ಗೆ ಬಂದು ಎರಡು ವರ್ಷವಾಯಿತು. ಅಕ್ಟೋಬರ್‌ನಿಂದ ವಾರ್ಫ್ ನದಿಯಲ್ಲಿ ಗ್ರೇಲಿಂಗ್ ಮೀನಿಗೆ ಗಾಳ ಹಾಕುತ್ತಿದ್ದೇನೆ. ಬೆಂಡು ಚೆನ್ನಾಗಿಯೇ ತೇಲಿಕೊಂಡು ಹೋಗುತ್ತದೆ, ಮೀನು ಮಾತ್ರ ಮುಟ್ಟುವುದಿಲ್ಲ. ಪಕ್ಕದಲ್ಲಿ ನಿಂತವರಿಗೆ ಒಂದರ ಹಿಂದೊಂದು ಸಿಗುತ್ತವೆ. ಇಬ್ಬರ ಎರೆಯೂ ಒಂದೇ, ಕೆಂಪು ಮ್ಯಾಗಟ್ (ನೊಣದ ಮರಿಹುಳು). ನಾನು ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ಬೆಂಡು ಅಷ್ಟು ಸಲೀಸಾಗಿ ತೇಲಿ ಹೋಗುತ್ತಿರುವುದೇ ತೊಂದರೆ. ಹೊಳೆಯ ನೀರು ಮೇಲಿನಿಂದ ತಳದವರೆಗೆ ಒಂದೇ ವೇಗದಲ್ಲಿ ಹರಿಯುವುದಿಲ್ಲ. ಕಲ್ಲುಗಳಿಗೆ ಉಜ್ಜಿಕೊಂಡು ಹೋಗುವ ತಳದ ನೀರು ನಿಧಾನ, ಮೇಲ್ನೀರು ಚುರುಕು. ಗ್ರೇಲಿಂಗ್‌ನ ಬಾಯಿ ಕೆಳಮುಖವಾಗಿದೆ. ಅದು ತಳದ ಹತ್ತಿರ ನಿಂತು, ಉರುಳಿ ಬರುವ ಹುಳುಗಳನ್ನು ಹೆಕ್ಕುತ್ತದೆ. ಉಳಿದ ಹುಳುಗಳೆಲ್ಲ ನಿಧಾನವಾಗಿ ಬರುತ್ತಿರುವಾಗ ನಿಮ್ಮ ಎರೆಯೊಂದೇ ಬೆಂಡಿನ ಹಿಂದೆ ದೌಡಾಯಿಸಿದರೆ ಮೀನು ಅದನ್ನು ನಂಬುವುದಿಲ್ಲ.

ಮೊದಲು ಆಳ ಸರಿಮಾಡಿಕೊಳ್ಳಿ. ಬೆಂಡನ್ನು ದಾರದ ಮೇಲೆ ಸ್ವಲ್ಪಸ್ವಲ್ಪವೇ ಮೇಲಕ್ಕೆ ಸರಿಸುತ್ತಾ, ಪ್ರತಿಸಲವೂ ಒಂದೇ ಗೆರೆಯಲ್ಲಿ ತೇಲಿಬಿಡಿ. ಕೊಕ್ಕೆ ತಳಕ್ಕೆ ತಾಗಿ ಬೆಂಡು ಆಗಾಗ ತಗ್ಗತೊಡಗಿತೆಂದರೆ ಆಳ ಸಿಕ್ಕಿತು. ಅಲ್ಲಿಂದ ಐದು ಸೆಂ.ಮೀ. ಕೆಳಗಿಳಿಸಿ. ಆಮೇಲೆ ಬೆಂಡಿಗೆ ಲಗಾಮು ಹಾಕಬೇಕು. ಸೆಂಟರ್‌ಪಿನ್ ರೀಲ್ ಇದ್ದರೆ ಅದರ ಅಂಚಿಗೆ ಹೆಬ್ಬೆರಳು ತಾಗಿಸಿ, ಸ್ಪಿನ್ನಿಂಗ್ ರೀಲ್ ಇದ್ದರೆ ದಾರ ಹಿಡಿಯುವ ಅದರ ತಂತಿ ತೆರೆದಿಟ್ಟು ತೋರುಬೆರಳಿನಿಂದ ದಾರ ತಡೆದು, ಬೆಂಡು ಸುತ್ತಲಿನ ನೊರೆಗಿಂತ ತುಸು ಹಿಂದೆ ಬೀಳುವ ಹಾಗೆ ಬಿಡಿ. ಕಣ್ಣಳತೆಗೆ ನೊರೆಯೇ ಸಾಕು: ನೊರೆ ಮುಂದೆ ಹೋಗುತ್ತಿದ್ದರೆ ನೀವು ಸರಿ ಇದ್ದೀರಿ. ತಡೆದಾಗ ಎರೆ ಬೆಂಡಿಗಿಂತ ಮುಂದೆ ಹೋಗಿ, ಮೀನಿನ ಕಣ್ಣಿಗೆ ಮೊದಲು ಅದೇ ಬೀಳುತ್ತದೆ. ಅತಿಯಾಗಿ ತಡೆದರೆ ಎರೆ ತಳಬಿಟ್ಟು ಮೇಲೇಳುತ್ತದೆ. ಅದಕ್ಕೇ ಹೆಚ್ಚು ತಡೆಯುವವರು ಬೆಂಡನ್ನು ಹತ್ತಿಪ್ಪತ್ತು ಸೆಂ.ಮೀ. ಮೇಲಕ್ಕೇರಿಸಿ ಹೆಚ್ಚುವರಿ ಆಳ ಕೊಟ್ಟಿರುತ್ತಾರೆ. ಪಕ್ಕದವರಿಗೂ ನಿಮಗೂ ಇರುವ ವ್ಯತ್ಯಾಸ ಬಹುಶಃ ಇಷ್ಟೇ.

ಸೊಂಟದಾಳದ, ಒಂದೇ ಸಮ ಹರಿಯುವ ನೀರಿಗೆ ಬಿಬಿ ಎಂಬ ಗಾತ್ರದ 4 ತೂಕದ ಗುಂಡು ಹೊರುವ ಬೆಂಡು, ಅಂದರೆ ಸುಮಾರು 1.6 ಗ್ರಾಂ, ಸರಿಹೊಂದುತ್ತದೆ. ಗುಂಡುಗಳನ್ನು ಕೊಕ್ಕೆಗಿಂತ ಅರ್ಧ ಮೀಟರ್ ಮೇಲೆ ಒಟ್ಟಿಗೆ ಕಚ್ಚಿಸಿ, 6ನೇ ನಂಬರಿನ ಒಂದು ಪುಟ್ಟ ಗುಂಡನ್ನು ಮಾತ್ರ ಕೊಕ್ಕೆಯಿಂದ 20 ಸೆಂ.ಮೀ. ಮೇಲಿಡಿ. ಮುಖ್ಯ ದಾರ 3 ಪೌಂಡ್ ತೂಕ ತಾಳುವಂಥದು, ಕೊಕ್ಕೆದಾರ 2.5 ಪೌಂಡ್. ಎರಡು ಮ್ಯಾಗಟ್‌ಗೆ 16ನೇ ನಂಬರಿನ, ಜೋಳದ ಕಾಳಿಗೆ 14ರ ಮುಳ್ಳಿಲ್ಲದ ಕೊಕ್ಕೆ. ಕೋಲು 13 ಅಡಿಯದಾದರೆ ದಾರವನ್ನು ನೀರಿನಿಂದ ಎತ್ತಿ ಹಿಡಿಯಲು ಅನುಕೂಲ. ದಾರ ಬಿಲ್ಲಿನಂತೆ ಬಾಗಿ ಬೆಂಡನ್ನು ಪಕ್ಕಕ್ಕೆಳೆಯತೊಡಗಿದರೆ, ಕೋಲನ್ನು ಮೆಲ್ಲಗೆತ್ತಿ ದಾರವನ್ನು ಬೆಂಡಿನ ಹಿಂದಕ್ಕೆ, ಮೇಲ್ಹರಿವಿನ ಕಡೆಗೆ ಹಾಕಿ.

ಊರಿನಿಂದ ತಂದ ಸೀಸದ ಗುಂಡು ಚೀಲದಲ್ಲಿದ್ದರೆ ತೆಗೆದಿಡಿ. ಸೀಸ ನುಂಗಿ ಹಂಸಗಳು ಸಾಯುತ್ತಿದ್ದುದರಿಂದ 1987ರಿಂದ ಇಲ್ಲಿ 0.06 ಗ್ರಾಂಗಿಂತ ಹೆಚ್ಚಿನ, 28.35 ಗ್ರಾಂವರೆಗಿನ ಸೀಸದ ತೂಕಗಳಿಗೆ ನಿಷೇಧವಿದೆ. ಅಂಗಡಿಯಲ್ಲಿ ಸಿಗುವ ವಿಷರಹಿತ ಗುಂಡನ್ನೇ ಕೊಳ್ಳಿ.

ಮೇವು ಎರಚುವುದರಲ್ಲಿ ಜಿಪುಣತನವೇ ಒಳ್ಳೆಯದು. ಪ್ರತಿಸಲ ಬೆಂಡು ಬಿಡುವ ಮುಂಚೆ ಹತ್ತು ಹನ್ನೆರಡು ಮ್ಯಾಗಟ್ ಸಾಕು. ಆದರೆ ತಪ್ಪದೆ ಪ್ರತಿಸಲವೂ ಎರಚಬೇಕು. ಅವು ತಳ ಮುಟ್ಟುವಷ್ಟರಲ್ಲಿ ಹಲವು ಮೀಟರ್ ಕೆಳಗೆ ಹೋಗಿರುತ್ತವೆ. ಹಾಗಾಗಿ ಕಾಲ ಬುಡದಲ್ಲಿ ಎರಚದೆ ಮೇಲ್ಹರಿವಿಗೆ ಎರಚಿ. ತೇಲುವ ಸಾಲಿನ ಕೊನೆಗೆ ಬಂದಾಗ ಬೆಂಡನ್ನು ಎರಡು ಸೆಕೆಂಡ್ ಪೂರ್ತಿ ನಿಲ್ಲಿಸಿ, ಆಮೇಲೆ ಸುತ್ತಿಕೊಳ್ಳಿ. ಎರೆ ಮೇಲೇಳುವ ಆ ಕ್ಷಣದಲ್ಲೇ ಕಚ್ಚುವ ಮೀನುಗಳು ಬಹಳ. ಮೂರು ನಾಲ್ಕು ಮೀನು ಬಂದ ಮೇಲೆ ಗುಂಪು ಬೆದರಿ ಸುಮ್ಮನಾದರೆ ಹತ್ತು ಹೆಜ್ಜೆ ಕೆಳಗೆ ಸರಿಯಿರಿ.

ಪ್ರಶ್ನೆ: ಕಚ್ಚಿದ ಗ್ರೇಲಿಂಗ್‌ಗಳಲ್ಲಿ ಅರ್ಧಕ್ಕರ್ಧ ಕೈಬಲೆಯ ಹತ್ತಿರ ಬಂದು ತಪ್ಪಿಸಿಕೊಳ್ಳುತ್ತವೆ. ಬಿಟ್ಟ ಮೀನೊಂದು ಹೊಟ್ಟೆ ಮೇಲಾಗಿ ತೇಲಿದ್ದು ನೋಡಿ ಸಂಕಟವಾಯಿತು.

ಉತ್ತರ: ಸಂಕಟಪಡಬೇಕಾದ ವಿಷಯವೇ. ಎರಡಕ್ಕೂ ಕಾರಣ ಆ ಮೀನಿನ ಹೋರಾಟದ ರೀತಿ. ಗ್ರೇಲಿಂಗ್ ದೂರ ಓಡುವುದು ಕಡಿಮೆ. ದೊಡ್ಡ ಬೆನ್ನುರೆಕ್ಕೆಯನ್ನು ಹಾಯಿಯಂತೆ ಬಿಚ್ಚಿ ಹರಿವಿಗೆ ಅಡ್ಡ ನಿಲ್ಲುತ್ತದೆ, ಇಲ್ಲವೇ ದಾರದ ಸುತ್ತ ಬುಗುರಿಯಂತೆ ತಿರುಗುತ್ತದೆ. ಮೇಲಕ್ಕೆತ್ತಿ ಎಳೆದಷ್ಟೂ ತಿರುಗುವುದು ಜಾಸ್ತಿ, ಕೊಕ್ಕೆ ಬಿಡುವುದೂ ಜಾಸ್ತಿ. ಕೋಲನ್ನು ನೀರಿಗೆ ಸಮನಾಗಿ ತಗ್ಗಿಸಿ, ಪಕ್ಕದಿಂದ ಒತ್ತಡ ಕೊಟ್ಟು, ಹರಿವು ಸೌಮ್ಯವಾಗಿರುವ ದಡದ ಕಡೆಗೆ ತನ್ನಿ. ಮೀನು ನಿಮ್ಮಿಂದ ನೇರ ಕೆಳಗೆ ಜೋರು ನೀರಿನಲ್ಲಿದ್ದರೆ ಅದನ್ನು ಎಳೆದು ತರುವ ಬದಲು ನೀವೇ ದಡದಲ್ಲಿ ಕೆಳಗೆ ನಡೆದು ಹೋಗಿ. ಕೈಬಲೆಯನ್ನು ಮೊದಲೇ ಮುಳುಗಿಸಿಟ್ಟು ಅದರ ಮೇಲಕ್ಕೆ ಮೀನನ್ನು ತರಬೇಕು, ಮೀನಿನತ್ತ ಬಲೆ ಬೀಸಬಾರದು. ನಾಲ್ಕೈದು ಮೀನಿಗೊಮ್ಮೆ ಕೊಕ್ಕೆದಾರ ನೋಡಿ. ಸುರುಳಿ ಸುತ್ತಿಕೊಂಡಿದ್ದರೆ ಬದಲಿಸಿ.

ಈ ಮೀನು ತನ್ನ ಶಕ್ತಿಯನ್ನೆಲ್ಲ ಸುರಿದು ಹೋರಾಡಿ ಸುಸ್ತಾಗುತ್ತದೆ. ಟ್ರೌಟ್‌ನಂತೆ ಕೈಬಿಟ್ಟ ತಕ್ಷಣ ಚಿಮ್ಮಿ ಹೋಗುವುದಿಲ್ಲ. ಕೈ ಒದ್ದೆ ಮಾಡಿಕೊಂಡು, ಬಲೆ ನೀರಿನಲ್ಲಿರುವಾಗಲೇ ಕೊಕ್ಕೆ ಬಿಡಿಸಿ. ಆಮೇಲೆ ತಲೆ ಮೇಲ್ಹರಿವಿಗೆ ಇರುವಂತೆ ಹೊಟ್ಟೆಯಡಿ ಕೈಯಿಟ್ಟು ನೆಟ್ಟಗೆ ಹಿಡಿದಿರಿ. ಕಿವಿರು ಒಂದೇ ಲಯದಲ್ಲಿ ಆಡುತ್ತಾ, ಬಾಲ ತಾನಾಗಿ ಕೈಯನ್ನು ತಳ್ಳುವವರೆಗೆ ಬಿಡಬೇಡಿ. ಒಂದೆರಡು ನಿಮಿಷ ಹಿಡಿದರೂ ಪರವಾಗಿಲ್ಲ. ಹಿಂದೆ ಮುಂದೆ ಅಲ್ಲಾಡಿಸುವುದು ಬೇಡ.

ಪ್ರಶ್ನೆ: ನನ್ನಲ್ಲಿ ಫ್ಲೈ (ಹುಳುವಿನಂತೆ ಕಟ್ಟಿದ ಕೃತಕ ಎರೆ) ಬಿಡುವ ಕೋಲು ಮಾತ್ರ ಇದೆ. ನವೆಂಬರ್‌ನಲ್ಲಿ ಪ್ರಯೋಜನವಿದೆಯೆ?

ಉತ್ತರ: ಧಾರಾಳವಾಗಿ. ವಿಲ್ಟ್‌ಷೈರಿನ ಏವನ್ ನದಿಯ ಕಾವಲುಗಾರರಾಗಿದ್ದ ಫ್ರಾಂಕ್ ಸಾಯರ್ ಗ್ರೇಲಿಂಗ್‌ಗೆಂದೇ ಕಟ್ಟಿದ ಕಿಲ್ಲರ್ ಬಗ್ ಇಂದಿಗೂ ಕೆಲಸ ಮಾಡುತ್ತದೆ: ಕೊಕ್ಕೆಗೆ ತಾಮ್ರದ ತಂತಿ, ಅದರ ಮೇಲೆ ಬೂದುಮಿಶ್ರಿತ ನಸುಗೆಂಪು ಉಣ್ಣೆ, ಅಷ್ಟೇ. ತಂತಿಯ ತೂಕದಿಂದ ಅದು ತಳಕ್ಕಿಳಿಯಬೇಕು. ಮೀನು ಇರುವ ಜಾಗಕ್ಕಿಂತ ಸಾಕಷ್ಟು ಮೇಲೆ ಹಾಕಿ ಮುಳುಗಲು ಬಿಡಿ. ಮೀನಿನ ಎದುರಿಗೆ ಬರುವಾಗ ಕೋಲಿನ ತುದಿಯನ್ನು ಒಂದು ಗೇಣು ಎತ್ತಿ. ಬೆಂಡಿನವರು ಸಾಲಿನ ಕೊನೆಯಲ್ಲಿ ನಿಲ್ಲಿಸಿದಾಗ ಆಗುವುದೇ ಇಲ್ಲಿಯೂ ಆಗುತ್ತದೆ.

ಪ್ರಶ್ನೆ: ಮಳೆ ಬಂದರೆ ಹೊಳೆ ಕೆಂಪಾಗುತ್ತದೆ, ನಿಂತರೆ ನೀರಿನ ತುಂಬ ಎಲೆ. ಇಂಥ ವಾರಗಳಲ್ಲಿ ಮನೆಯಲ್ಲೇ ಇರಬೇಕೆ?

ಉತ್ತರ: ನೀರು ಏರುತ್ತಿರುವ ದಿನ ಮನೆಯಲ್ಲಿರಿ. ಅದು ಸುರಕ್ಷತೆಯ ಮಾತೂ ಹೌದು. ಇಳಿಯತೊಡಗಿದ ಮೇಲೆ ಹೊರಡಿ. ಎನ್ವಿರಾನ್ಮೆಂಟ್ ಏಜೆನ್ಸಿ ಎಂಬ ಸರ್ಕಾರಿ ಸಂಸ್ಥೆ ನದಿಗಳ ಮಟ್ಟವನ್ನು ಅಂತರ್ಜಾಲದಲ್ಲಿ ಗೆರೆಚಿತ್ರವಾಗಿ ಕೊಡುತ್ತದೆ. ಗೆರೆ ತುದಿ ಮುಟ್ಟಿ ಇಳಿಯುತ್ತಿದೆಯೇ ಎಂದು ಹೊರಡುವ ಮುಂಚೆ ನೋಡಿ. ಮೊಣಕಾಲಾಳದಲ್ಲಿ ಬೂಟಿನ ತುದಿ ಮಸುಕಾಗಿಯಾದರೂ ಕಂಡರೆ ಗ್ರೇಲಿಂಗ್‌ಗೆ ಬೆಂಡು ಬಿಡಬಹುದು. ಕಾಣದಿದ್ದರೆ ಆ ದಿನ ಚಬ್ ಮೀನಿನದು.

ಚಬ್‌ಗೆ ಬ್ರೆಡ್ಡಿಗಿಂತ ಒಳ್ಳೆಯ ಎರೆ ಬೇಕಿಲ್ಲ. ತಾಜಾ ಬಿಳಿ ಬ್ರೆಡ್ಡಿನ ಒಳತಿರುಳನ್ನು ಹೆಬ್ಬೆರಳಗಲ ಹರಿದು, 8ನೇ ನಂಬರಿನ ಕೊಕ್ಕೆಯ ಕಾಲಿಗೆ ಮಾತ್ರ ಒತ್ತಿ. ಅಂಚುಗಳು ಸಡಿಲವಾಗಿಯೇ ಅರಳಲಿ. ಪೂರ್ತಿ ಉಂಡೆ ಕಟ್ಟಿದರೆ ಕೊಕ್ಕೆಯ ಮೊನೆ ಅದರೊಳಗೆ ಹೂತು ಮೀನಿನ ಬಾಯಿಗೆ ನಾಟುವುದಿಲ್ಲ. ದಾರ 5ರಿಂದ 6 ಪೌಂಡ್. ಬೆಂಡು ಬೇಡ, ಎಸ್‌ಎಸ್‌ಜಿ ಎಂಬ ದೊಡ್ಡ ಗಾತ್ರದ ಎರಡು ಮೂರು ಗುಂಡುಗಳನ್ನು ತಳದಲ್ಲಿ ನಿಲ್ಲುವಷ್ಟಕ್ಕೆ ಮಾತ್ರ ಹಾಕಿ. ನೀರಿಗೆ ಬಾಗಿದ ವಿಲ್ಲೋ ಮರದ ಕೊಂಬೆಗಳಲ್ಲಿ ಕಸಕಡ್ಡಿ ಸೇರಿ ಚಪ್ಪರವಾಗಿರುತ್ತದಲ್ಲ, ಅದರಡಿ ಚಬ್ ಇರುತ್ತವೆ. ಎರೆಯನ್ನು ಕೊಂಬೆಯೊಳಕ್ಕೆ ಎಸೆಯದೆ ಎರಡು ಮೂರು ಮೀಟರ್ ಮೇಲೆ ಇಳಿಸಿ, ಪುಡಿಮಾಡಿದ ಬ್ರೆಡ್ಡನ್ನು ಹಿಸುಕಿ ಒಂದೆರಡು ಉಂಡೆ ಹಾಕಿ, ವಾಸನೆ ಮೀನನ್ನು ಹೊರಗೆ ಕರೆಯಲಿ. ಕೋಲಿನ ತುದಿ ಬಾಗಿದ ಕ್ಷಣ ಹಿಡಿದು ನಿಲ್ಲಿಸಬೇಕು. ಒಂದಡಿ ದಾರ ಬಿಟ್ಟರೂ ಮೀನು ಬೇರಿನೊಳಗೆ ಹೊಕ್ಕಿತು. ಚಬ್‌ನ ಗಂಟಲಲ್ಲಿ ಹಲ್ಲುಗಳಿವೆ, ಬೆರಳು ಹಾಕಬೇಡಿ. ಕೊಕ್ಕೆ ಬಿಡಿಸುವ ಇಕ್ಕಳ ಬಳಸಿ.

ನೀರು ಇನ್ನಷ್ಟು ತಿಳಿಯಾಗಿ ಹಸಿರುಛಾಯೆಗೆ ತಿರುಗಿದಾಗ ರೋಚ್ ಮೀನಿನ ಸರದಿ. ನಿಧಾನ ಹರಿವು, ಚಿಕ್ಕ ಬ್ರೆಡ್ ಚೂರು, ಕತ್ತಲಾಗುವ ಮುಂಚಿನ ಅರ್ಧ ಗಂಟೆ. ಎಲೆಗಳ ಕಾಟಕ್ಕೆ ಪೂರ್ತಿ ಮದ್ದಿಲ್ಲ. ದಾರ ನೀರಿಗೆ ತಾಗುವ ಉದ್ದ ಕಡಿಮೆಯಾದಷ್ಟೂ ಕಾಟ ಕಡಿಮೆ. ಆದ್ದರಿಂದ ದೂರ ಎಸೆಯದೆ ದಡದ ಅಂಚಿನಲ್ಲೇ ಹಾಕಿ, ಕೋಲನ್ನು ಎತ್ತರಿಸಿ ಇಡಿ.

ಪ್ರಶ್ನೆ: ನವೆಂಬರ್‌ನಲ್ಲಿ ಮಗಳ ಮನೆಗೆಂದು ಮೈಸೂರಿನಿಂದ ರೆಡಿಂಗ್‌ಗೆ ಹೋಗುತ್ತಿದ್ದೇನೆ. ‘ಕೋರ್ಸ್ ಫಿಶ್’ ಎಂದರೇನು? ಪರವಾನಗಿ ಬೇಕೆ? ಹಿಡಿದದ್ದನ್ನು ಸಾರು ಮಾಡಬಹುದೆ?

ಉತ್ತರ: ಸಾಲ್ಮನ್, ಟ್ರೌಟ್ ವಂಶಕ್ಕೆ ಸೇರದ ಸಿಹಿನೀರಿನ ಮೀನುಗಳನ್ನು ಅಲ್ಲಿ ಹಾಗೆ ಕರೆಯುತ್ತಾರೆ. ಚಬ್, ರೋಚ್, ಡೇಸ್, ಬಾರ್ಬೆಲ್ ಎಲ್ಲವೂ ನಮ್ಮ ಕಾವೇರಿಯ ಮಹಶೀರ್‌ನಂತೆ ಗೆಂಡೆಮೀನಿನ ಬಳಗದವೇ. ಗ್ರೇಲಿಂಗ್ ಮಾತ್ರ ಸಾಲ್ಮನ್ ವಂಶದ್ದು. ಆದರೆ ವಸಂತದಲ್ಲಿ ಮೊಟ್ಟೆಯಿಡುವುದರಿಂದ ಅದಕ್ಕೆ ಕೋರ್ಸ್ ಮೀನುಗಳ ಕಾಲಮಾನವೇ ಅನ್ವಯ. ಇಂಗ್ಲೆಂಡಿನ ನದಿಗಳಲ್ಲಿ ಮಾರ್ಚ್ 15ರಿಂದ ಜೂನ್ 15ರವರೆಗೆ ಇವುಗಳಿಗೆ ಗಾಳ ಹಾಕುವಂತಿಲ್ಲ. ನವೆಂಬರ್‌ಗೆ ಅಡ್ಡಿಯಿಲ್ಲ.

13 ವರ್ಷ ತುಂಬಿದ ಎಲ್ಲರಿಗೂ ರಾಡ್ ಲೈಸೆನ್ಸ್ ಬೇಕು. ನಿಮ್ಮಂಥ ಪ್ರವಾಸಿಗರಿಗೆ 1 ದಿನದ್ದೂ 8 ದಿನದ್ದೂ ಸಿಗುತ್ತದೆ. ಇಲ್ಲದೆ ಸಿಕ್ಕಿಬಿದ್ದರೆ ದಂಡ 2,500 ಪೌಂಡ್‌ವರೆಗೆ ಹೋಗಬಹುದು. ಅದಲ್ಲದೆ ಆ ದಡದ ಒಡೆಯರ ಅಥವಾ ಕ್ಲಬ್ಬಿನ ದಿನದ ಚೀಟಿಯೂ ಬೇಕು. ಕಾನೂನಿನ ಪ್ರಕಾರ ನದಿಯಿಂದ ದಿನಕ್ಕೆ 30ರಿಂದ 38 ಸೆಂ.ಮೀ. ಉದ್ದದ 2 ಗ್ರೇಲಿಂಗ್, 65 ಸೆಂ.ಮೀ.ವರೆಗಿನ 1 ಪೈಕ್, 20 ಸೆಂ.ಮೀ.ವರೆಗಿನ 15 ಸಣ್ಣ ಮೀನು ಒಯ್ಯಬಹುದು. ಆದರೆ ಹಲವು ಕ್ಲಬ್ಬುಗಳು ಒಂದನ್ನೂ ಒಯ್ಯಲು ಬಿಡುವುದಿಲ್ಲ, ಕ್ಲಬ್ಬಿನ ನಿಯಮವೇ ಅಲ್ಲಿ ಅಂತಿಮ. ಸಾರಿಗೆ ಅಂಗಡಿಯ ಮೀನು ತನ್ನಿ.

ಇನ್ನೆರಡು ಎಚ್ಚರ. ಉದ್ದನೆಯ ಕಾರ್ಬನ್ ಕೋಲಿನಲ್ಲಿ ವಿದ್ಯುತ್ ಹರಿಯುತ್ತದೆ, ತಲೆ ಮೇಲಿನ ತಂತಿಗಳಿಂದ 30 ಮೀಟರ್ ದೂರವಿರಿ. ನೀರಿಗಿಳಿಯುವುದಾದರೆ ತಳ ನೋಡಿ ಹೆಜ್ಜೆಯಿಡಿ. ನವೆಂಬರ್ ಟ್ರೌಟ್ ಮೊಟ್ಟೆಯಿಡುವ ಕಾಲ. ತೆಳುನೀರಿನ ನುರುಜುಗಲ್ಲಿನ ನಡುವೆ ಪಾಚಿಯಿಲ್ಲದೆ ಬೆಳ್ಳಗೆ ತೊಳೆದಂತಿರುವ, ತಟ್ಟೆಯಾಕಾರದ ಜಾಗ ಕಂಡರೆ ಅದರ ಕೆಳಬದಿಯ ಕಲ್ಲುಗುಡ್ಡೆಯೊಳಗೆ ಮೊಟ್ಟೆಗಳಿವೆ. ಅದನ್ನು ತುಳಿಯದೆ ದಡ ಹತ್ತಿ ಸುತ್ತು ಬಳಸಿ ಹೋಗಿ.