ಸಣ್ಣ ರಿಯಾಕ್ಟರ್ ಅಂದರೆ ಎಷ್ಟು ಸಣ್ಣದು? ಓದುಗರು ಕೇಳಿದ್ದು, ನಾವು ಹೇಳಿದ್ದು

ಪ್ರಶ್ನೆ: ಸರ್, ಸಣ್ಣ ಮಾಡ್ಯುಲರ್ ರಿಯಾಕ್ಟರ್‌ಗೆ ಕೇಂದ್ರ ಸರ್ಕಾರ ದುಡ್ಡು ಇಟ್ಟಿದೆ ಅಂತ ಓದಿದೆ. ನಮ್ಮ ಕೈಗಾಕ್ಕಿಂತ ಇದು ಎಷ್ಟು ಸಣ್ಣದು?
ಕಾಲೇಜು ವಿದ್ಯಾರ್ಥಿನಿ, ಕಾರವಾರ

ಉತ್ತರ: ಅಂಥ ಸಣ್ಣದೇನೂ ಅಲ್ಲಮ್ಮ. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಲೆಕ್ಕದಲ್ಲಿ 300 ಮೆಗಾವ್ಯಾಟ್‌ವರೆಗಿನದೆಲ್ಲ ಸಣ್ಣ ರಿಯಾಕ್ಟರೇ. ಕೈಗಾದ ನಾಲ್ಕೂ ಘಟಕಗಳು ತಲಾ 220. ಅಂದರೆ ನೀವು ಹುಟ್ಟುವ ಮೊದಲಿನಿಂದಲೂ ಪಕ್ಕದಲ್ಲಿ ಸಣ್ಣ ರಿಯಾಕ್ಟರ್ ಓಡುತ್ತಿದೆ. ಅದೂ ಚೆನ್ನಾಗೇ ಓಡಿದೆ: ಮೊದಲನೇ ಘಟಕ 2018ರ ಕೊನೆಗೆ 962 ದಿನ ಒಮ್ಮೆಯೂ ನಿಲ್ಲದೆ ನಡೆದು ಆಗಿನ ವಿಶ್ವದಾಖಲೆ ಮಾಡಿತ್ತು.

ಹೊಸದು ಇರುವುದು ‘ಮಾಡ್ಯುಲರ್’ ಅನ್ನುವುದರಲ್ಲಿ. ಕೈಗಾವನ್ನು ಕಾಡಿನ ನಡುವೆ, ಇದ್ದ ಜಾಗದಲ್ಲೇ ಕಟ್ಟಿದರು. 1989ರಲ್ಲಿ ಶುರುವಾದ ಕೆಲಸ, 1994ರಲ್ಲಿ ಮೊದಲನೇ ಘಟಕದ ಗುಮ್ಮಟದ ಒಳಗಿನ ಕಾಂಕ್ರೀಟ್ ಕಳಚಿ ಬಿತ್ತು, ವಿನ್ಯಾಸ ಬದಲಾಯಿತು, ಕರೆಂಟ್ ಬಂದದ್ದು 2000ದ ಹೊತ್ತಿಗೆ. ಈ ತಾಪತ್ರಯವೇ ಬೇಡ, ರಿಯಾಕ್ಟರನ್ನು ಕಾರ್ಖಾನೆಯಲ್ಲೇ ಪೂರ್ತಿ ಮಾಡಿ, ಪರೀಕ್ಷಿಸಿ, ತಂದು ಕೂರಿಸೋಣ ಅನ್ನುವುದು ಹೊಸ ಯೋಚನೆ. ಕೇಳಲು ಚೆನ್ನಾಗಿದೆ. ಆದರೆ ಅಮೆರಿಕದ ನ್ಯೂಸ್ಕೇಲ್ ಕಂಪನಿಯ 77 ಮೆಗಾವ್ಯಾಟ್ ಮಾಡ್ಯೂಲ್ ಒಂದರ ತೂಕವೇ ಸುಮಾರು 700 ಟನ್. ತುಂಡು ಮಾಡಿ ಸಾಗಿಸುತ್ತಾರೆ ಅಂತಲೇ ಇಟ್ಟುಕೊಳ್ಳಿ. ಅರಬೈಲ್ ಘಟ್ಟದಲ್ಲಿ ಒಂದು ಟ್ಯಾಂಕರ್ ಅಡ್ಡ ನಿಂತರೆ ಏನಾಗುತ್ತದೆ ಅಂತ ನಿಮಗೆ ಗೊತ್ತಲ್ವಾ!

ಪ್ರಶ್ನೆ: ಸಣ್ಣದಾದರೆ ಖರ್ಚೂ ಕಮ್ಮಿ ಆಗಬೇಕಲ್ಲ? ಮತ್ತೆ ಎಲ್ಲರೂ ಯಾಕೆ ಹಿಂದೆಮುಂದೆ ನೋಡುತ್ತಿದ್ದಾರೆ?
ಅಂಗಡಿ ಮಾಲೀಕರು, ಕುಮಟಾ

ಉತ್ತರ: ಒಟ್ಟು ಖರ್ಚು ಕಮ್ಮಿ, ಯೂನಿಟ್ ಲೆಕ್ಕದಲ್ಲಿ ಜಾಸ್ತಿ. ವ್ಯಾಪಾರಸ್ಥರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರಿಯಾಕ್ಟರ್ ಅರ್ಧ ಮಾಡಿದರೆ ಕಂಟ್ರೋಲ್ ರೂಮಿನ ಸಿಬ್ಬಂದಿ ಅರ್ಧ ಆಗುವುದಿಲ್ಲ, ಕಾವಲು ಅರ್ಧ ಆಗುವುದಿಲ್ಲ, ಲೈಸೆನ್ಸಿಗೆ ಬೇಕಾದ ಕಾಗದಪತ್ರವಂತೂ ಒಂದು ಹಾಳೆಯೂ ಕಮ್ಮಿ ಆಗುವುದಿಲ್ಲ. ಇದು ಗೊತ್ತಿದ್ದೇ ನಮ್ಮವರು 220ರಿಂದ ಶುರುಮಾಡಿ ತಾರಾಪುರದಲ್ಲಿ 540ಕ್ಕೆ, ಕಾಕ್ರಪಾರದಲ್ಲಿ 700ಕ್ಕೆ ಹೋದದ್ದು. ಕೈಗಾದಲ್ಲಿ ಹೊಸದಾಗಿ ಬರಲಿರುವ 5 ಮತ್ತು 6ನೇ ಘಟಕಗಳೂ ತಲಾ 700.

ಸಣ್ಣದು ಅಗ್ಗ ಆಗಬೇಕಾದರೆ ಒಂದೇ ದಾರಿ. ಒಂದೇ ವಿನ್ಯಾಸದ್ದನ್ನು ಹತ್ತಾರು ಮಾಡಬೇಕು. ಹತ್ತಾರು ಮಾಡಲು ಕಾರ್ಖಾನೆ ಬೇಕು, ಕಾರ್ಖಾನೆ ಹಾಕುವವನಿಗೆ ಮೊದಲೇ ಆರ್ಡರ್ ಬೇಕು, ಆರ್ಡರ್ ಕೊಡುವವನಿಗೆ ಮೊದಲೇ ಕಮ್ಮಿ ಬೆಲೆ ಬೇಕು. ಎಲ್ಲರೂ ನಿಂತಿರುವುದು ಇಲ್ಲೇ. ಅಮೆರಿಕದ ಐಡಾಹೋದಲ್ಲಿ ನ್ಯೂಸ್ಕೇಲ್ ಆರು ಮಾಡ್ಯೂಲ್ ಹಾಕಬೇಕಿತ್ತು. ಯೂನಿಟ್‌ಗೆ 5.8 ಸೆಂಟ್ ಅಂತ ಇದ್ದ ಅಂದಾಜು, ಸರ್ಕಾರದ ಸಬ್ಸಿಡಿ ಕಳೆದ ಮೇಲೂ, 8.9 ಸೆಂಟ್‌ಗೆ ಏರಿತು. ಕೊಳ್ಳುತ್ತೇವೆ ಅಂದಿದ್ದ ಊರುಗಳು ಸಾಕಷ್ಟು ಸಿಗಲಿಲ್ಲ, 2023ರ ನವೆಂಬರ್‌ನಲ್ಲಿ ಯೋಜನೆ ರದ್ದಾಯಿತು. ಕೆನಡಾದ ಡಾರ್ಲಿಂಗ್ಟನ್‌ನಲ್ಲಿ ತಲಾ 300 ಮೆಗಾವ್ಯಾಟಿನ ನಾಲ್ಕಕ್ಕೆ 2025ರಲ್ಲಿ ಒಪ್ಪಿಗೆ ಸಿಕ್ಕಿದೆ, ಅಂದಾಜು 20.9 ಶತಕೋಟಿ ಕೆನಡಾ ಡಾಲರ್. ನಮ್ಮ ದುಡ್ಡಿನಲ್ಲಿ ಹತ್ತಿರ ಹತ್ತಿರ 1.3 ಲಕ್ಷ ಕೋಟಿ! ಅಲ್ಲೂ ಮೊದಲನೆಯದಕ್ಕಿಂತ ನಾಲ್ಕನೆಯದು ಅಗ್ಗ ಅನ್ನುವ ಲೆಕ್ಕ ಹಾಕಿದ್ದಾರೆ. ಆಗಲಿ, ನಾಲ್ಕನೆಯದು ಮುಗಿದ ದಿನ ಬಿಲ್ ನೋಡಿ ನಂಬೋಣ. ಯಾರಾದರೂ ‘ಸಣ್ಣ ರಿಯಾಕ್ಟರ್ ಅಗ್ಗ’ ಅಂದರೆ ಎಷ್ಟನೆಯದು ಅಂತ ಕೇಳಿ.

ಪ್ರಶ್ನೆ: ರಷ್ಯಾದವರು ಹಡಗಿನ ಮೇಲೆ ಅಣು ರಿಯಾಕ್ಟರ್ ಇಟ್ಟಿದ್ದಾರಂತೆ. ಸುಮ್ನೆ ಸುದ್ದಿಯಾ, ನಿಜವಾ?
ಮೀನುಗಾರರು, ಅಂಕೋಲಾ

ಉತ್ತರ: ನಿಜ. ‘ಅಕಾಡೆಮಿಕ್ ಲೊಮೊನೊಸೊವ್’ ಅಂತ ಅದರ ಹೆಸರು. ತಲಾ 35 ಮೆಗಾವ್ಯಾಟಿನ ಎರಡು ರಿಯಾಕ್ಟರ್. 2007ರಲ್ಲಿ ಕಟ್ಟಲು ಶುರುಮಾಡಿ, ಉತ್ತರ ಧ್ರುವದ ಕಡೆಯ ಪೆವೆಕ್ ಅನ್ನುವ ಊರಿಗೆ 2019ರ ಕೊನೆಗೆ ಕರೆಂಟ್ ಕೊಟ್ಟಿತು. ನೀರಿನ ಮೇಲೆ, ನೀರಿನೊಳಗೆ ರಿಯಾಕ್ಟರ್ ಓಡಿಸುವುದು ಹಳೇ ವಿದ್ಯೆಯೇ. ಅಮೆರಿಕದ ‘ನಾಟಿಲಸ್’ ಜಲಾಂತರ್ಗಾಮಿ 1954ರದ್ದು, ನಮ್ಮ ‘ಅರಿಹಂತ್’ ಓಡುವುದೂ ಅಣುಶಕ್ತಿಯಲ್ಲೇ. ಆದರೆ ನೌಕಾಪಡೆ ಯೂನಿಟ್‌ಗೆ ಎಷ್ಟು ಬಿತ್ತು ಅಂತ ಲೆಕ್ಕ ಕೇಳುವುದಿಲ್ಲ. ಮನೆಗೆ ಕರೆಂಟ್ ಹಾಕಿಸಿಕೊಂಡವರು ಕೇಳುತ್ತಾರೆ.

ಪ್ರಶ್ನೆ: ಇವು ತಾವಾಗೇ ತಣ್ಣಗಾಗುತ್ತವೆ, ಅಪಾಯವೇ ಇಲ್ಲ ಅಂತ ಹೇಳುತ್ತಾರೆ. ಶಿರೂರಿನ ಗುಡ್ಡ ಕುಸಿದದ್ದು ನೋಡಿದ ಮೇಲೆ ನನಗೆ ಯಾವುದರಲ್ಲೂ ಧೈರ್ಯ ಇಲ್ಲ.
ಅಡಿಕೆ ಬೆಳೆಗಾರರು, ಶಿರಸಿ

ಉತ್ತರ: ‘ಅಪಾಯವೇ ಇಲ್ಲ’ ಅನ್ನುವವರನ್ನು ನಂಬಬೇಡಿ. ‘ತಾವಾಗೇ ತಣ್ಣಗಾಗುತ್ತವೆ’ ಅನ್ನುವುದರಲ್ಲಿ ಮಾತ್ರ ಹುರುಳಿದೆ.

ರಿಯಾಕ್ಟರ್ ನಿಲ್ಲಿಸಿದ ಕೂಡಲೇ ಆರುವುದಿಲ್ಲ. ಒಡೆದ ಪರಮಾಣುಗಳ ಚೂರುಗಳಿಂದ ಶಾಖ ಬರುತ್ತಲೇ ಇರುತ್ತದೆ, ನಿಂತ ಗಳಿಗೆಯಲ್ಲಿ ಅದು ಪೂರ್ತಿ ಶಾಖದ ಶೇ 6-7ರಷ್ಟು. 2011ರಲ್ಲಿ ಫುಕುಶಿಮಾದಲ್ಲಿ ಭೂಕಂಪ ಆದಾಗ ಓಡುತ್ತಿದ್ದ ರಿಯಾಕ್ಟರ್‌ಗಳು ಸರಿಯಾಗೇ ನಿಂತವು. ಆಮೇಲೆ ಸುನಾಮಿಯ ನೀರು ಡೀಸೆಲ್ ಜನರೇಟರ್‌ಗಳನ್ನು ಮುಳುಗಿಸಿ, ತಣ್ಣಗೆ ಮಾಡುವ ಪಂಪ್‌ಗಳು ನಿಂತದ್ದಕ್ಕೆ ಇಂಧನ ಕರಗಿತು. ಬಚ್ಚಲಮನೆಯ ಹಂಡೆಯ ನೀರು ಉರಿ ತೆಗೆದ ಮೇಲೂ ಎಷ್ಟೋ ಹೊತ್ತು ಬಿಸಿ ಇರುತ್ತದೆ, ಚೊಂಬಿನದು ಬೇಗ ಆರುತ್ತದೆ. ಸಣ್ಣ ರಿಯಾಕ್ಟರ್‌ನ ಅನುಕೂಲ ಇದೇ. ಹೊರಹಾಕಬೇಕಾದ ಶಾಖವೇ ಕಮ್ಮಿ, ಹಾಗಾಗಿ ಬಿಸಿ ನೀರು ಮೇಲೇರಿ ತಣ್ಣನೆಯದು ಕೆಳಗಿಳಿಯುವ ಸಹಜ ಹರಿವೇ ಸಾಕಾಗುವಂತೆ, ಪಂಪ್, ಕರೆಂಟ್ ಏನೂ ಬೇಡದಂತೆ ವಿನ್ಯಾಸ ಮಾಡಬಹುದು. ಇದು ನಿಜಕ್ಕೂ ದೊಡ್ಡ ಸುಧಾರಣೆ. ಆದರೆ ಆ ನೀರಿನ ಕೊಳವೂ ಕಟ್ಟಡವೂ ಇದ್ದಲ್ಲೇ ಇರಬೇಕು ತಾನೇ? ಜಾರುವ ಗುಡ್ಡದ ಬುಡದಲ್ಲಿ ತಂದಿಟ್ಟರೆ ಯಾವ ವಿನ್ಯಾಸವೂ ಕಾಯುವುದಿಲ್ಲ. ಹಾಗಾಗಿ ನಿಮ್ಮ ಅಂಜಿಕೆಯನ್ನು ರಿಯಾಕ್ಟರ್ ಮೇಲೆ ಹಾಕುವುದಕ್ಕಿಂತ ಜಾಗ ಆರಿಸುವವರ ಮೇಲೆ ಹಾಕಿ.

ನೀವು ಕೇಳದೇ ಇದ್ದದ್ದು ಇಂಧನದ ವಿಚಾರ. ಅದು ಮುಖ್ಯ. ಕೈಗಾದ್ದು ಅರ್ಧ ಮೀಟರ್ ಉದ್ದದ, 19 ಕಡ್ಡಿ ಸೇರಿಸಿ ಕಟ್ಟಿದ ಕಂತೆ. ಒಂದು ರಿಯಾಕ್ಟರ್‌ನಲ್ಲಿ ಅಂಥವು 3,672. ಒಳಗಿರುವುದು ಸಂವರ್ಧನೆ ಮಾಡದ, ಅಂದರೆ ಸುಲಭವಾಗಿ ಒಡೆಯುವ ಯುರೇನಿಯಂ-235ರ ಪಾಲು ಹೆಚ್ಚಿಸದ, ನೈಸರ್ಗಿಕ ಯುರೇನಿಯಂ, ಕಂತೆ ತಯಾರಾಗುವುದು ಹೈದರಾಬಾದಿನಲ್ಲಿ. ಹೊರದೇಶದ ಹಲವು ಹೊಸ ವಿನ್ಯಾಸಗಳಿಗೆ ಇದು ಆಗುವುದಿಲ್ಲ, ಶೇ 5ರಿಂದ 20ರವರೆಗೆ ಸಂವರ್ಧಿಸಿದ್ದೇ ಬೇಕು. ಅದನ್ನು ವ್ಯಾಪಾರಕ್ಕೆ ಒದಗಿಸುತ್ತಿದ್ದದ್ದು ಮುಖ್ಯವಾಗಿ ರಷ್ಯಾ, ಉಕ್ರೇನ್ ಯುದ್ಧದ ಮೇಲೆ ಪಶ್ಚಿಮದ ಕಂಪನಿಗಳು ಕೈಕೈ ಹಿಸುಕಿಕೊಂಡವು. ತ್ಯಾಜ್ಯವೂ ಕಮ್ಮಿ ಆಗುತ್ತದೆ ಅನ್ನುವ ಹಾಗಿಲ್ಲ. ಇಂಧನ ಇರುವ ಗರ್ಭ (ಕೋರ್) ಸಣ್ಣದಾದಷ್ಟೂ ಅದರಿಂದ ನ್ಯೂಟ್ರಾನ್‌ಗಳು ಹೊರಗೆ ಸೋರುವುದು ಜಾಸ್ತಿ, ಸುತ್ತಲಿನ ಉಕ್ಕೂ ವಿಕಿರಣಶೀಲ ಆಗುತ್ತದೆ. 2022ರಲ್ಲಿ ಪ್ರಕಟವಾದ ಸ್ಟ್ಯಾನ್‌ಫರ್ಡ್ ನೇತೃತ್ವದ ಅಧ್ಯಯನ, ಅದೇ ಕರೆಂಟಿಗೆ ತ್ಯಾಜ್ಯದ ಗಾತ್ರ 2ರಿಂದ 30 ಪಟ್ಟು ಜಾಸ್ತಿ ಆಗಬಹುದು ಅಂದಿತು. ಕಂಪನಿಗಳು ಒಪ್ಪಲಿಲ್ಲ ಅನ್ನಿ.

ಪ್ರಶ್ನೆ: ಶರಾವತಿ ಪಂಪ್ಡ್ ಸ್ಟೋರೇಜ್ ಬದಲು ಎಲ್ಲಾದರೂ ಇಂಥ ಒಂದೆರಡು ರಿಯಾಕ್ಟರ್ ಹಾಕಿದರೆ ಕಾಡು ಉಳಿಯುತ್ತಲ್ವಾ?
ಶಿಕ್ಷಕಿ, ಹೊನ್ನಾವರ

ಉತ್ತರ: ಕಾಡು ಉಳಿಯಬೇಕು ಅನ್ನುವ ಕಾಳಜಿ ಸರಿ, ಆದರೆ ಒಂದರ ಬದಲು ಇನ್ನೊಂದು ಆಗುವುದಿಲ್ಲ ಮೇಡಂ. ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವಿನ ಆ 2,000 ಮೆಗಾವ್ಯಾಟ್ ಯೋಜನೆ ಹೊಸ ಕರೆಂಟ್ ಹುಟ್ಟಿಸುವುದಿಲ್ಲ. ಹಗಲು ಸೋಲಾರ್ ಹೆಚ್ಚಾದಾಗ ನೀರು ಮೇಲಕ್ಕೆತ್ತಿ, ಸಂಜೆ ಎಲ್ಲರ ಮನೆಯ ದೀಪ ಉರಿಯುವಾಗ ಇಳಿಸುತ್ತದೆ, ಅಷ್ಟೇ. ಅಣುಸ್ಥಾವರ ಹಗಲು ರಾತ್ರಿ ಒಂದೇ ಸಮ ಓಡಿದರೆ ಮಾತ್ರ ಹಾಕಿದ ದುಡ್ಡು ವಾಪಸ್. ಸಂಜೆಯ ನಾಲ್ಕು ತಾಸಿನ ಬಳಕೆಗೆ ಅಂತ ಯಾರೂ ರಿಯಾಕ್ಟರ್ ಇಡುವುದಿಲ್ಲ.

ಹಾಗಾದರೆ ಸಣ್ಣ ರಿಯಾಕ್ಟರ್ ಎಲ್ಲಿಗೆ ಸರಿ? ನನ್ನ ಅನಿಸಿಕೆ ಕೇಳಿದರೆ, ಹಳೇ ಕಲ್ಲಿದ್ದಲು ಸ್ಥಾವರಗಳ ಜಾಗಕ್ಕೆ. ರಾಯಚೂರಿನ ಆರ್‌ಟಿಪಿಎಸ್‌ನ ಮೊದಲ ಏಳು ಘಟಕ ತಲಾ 210 ಮೆಗಾವ್ಯಾಟ್, ಕೈಗಾದ ಒಂದು ಘಟಕದಷ್ಟೇ. ಲೈನ್ ಇದೆ, ಕೃಷ್ಣಾ ನದಿಯ ನೀರಿದೆ, ಹೊಸದಾಗಿ ಮರ ಕಡಿಯಬೇಕಾಗಿಲ್ಲ. ತೊಡಕು ಏನೆಂದರೆ, ಅಣುಸ್ಥಾವರದ ಸುತ್ತ ಜನವಸತಿ ಇಲ್ಲದ ವಲಯ ಬಿಡಬೇಕು, ಅಲ್ಲಿ ಊರುಗಳು ಸ್ಥಾವರಕ್ಕೆ ಅಂಟಿಕೊಂಡೇ ಬೆಳೆದಿವೆ. 2025ರ ಬಜೆಟ್‌ನಲ್ಲಿ 20,000 ಕೋಟಿ ರೂಪಾಯಿ ಇಟ್ಟು, 2033ರೊಳಗೆ ಕನಿಷ್ಠ ಐದು ದೇಶೀ ಸಣ್ಣ ರಿಯಾಕ್ಟರ್ ಓಡಿಸುತ್ತೇವೆ ಅಂದಿದ್ದಾರೆ. ಬಾರ್ಕ್‌ನವರು (ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರ) 200 ಮೆಗಾವ್ಯಾಟಿನದೊಂದು, 55ರದೊಂದು ವಿನ್ಯಾಸ ಮಾಡುತ್ತಿದ್ದಾರೆ, ಜೊತೆಗೆ ಕೈಗಾ ಮಾದರಿಯ 220ನ್ನೇ ಕಾರ್ಖಾನೆಗಳ ದುಡ್ಡಿನಲ್ಲಿ ಕಟ್ಟಿಸುವ ಯೋಜನೆ ಬೇರೆ ಇದೆ. ನನಗೆ ಜಾಸ್ತಿ ಭರವಸೆ ಇರುವುದು ಈ ಹಳೇ 220ರ ಮೇಲೇ. ಅದನ್ನು ಕಟ್ಟಿದ, ಓಡಿಸಿದ, ರಿಪೇರಿ ಮಾಡಿದ ಜನ ನಮ್ಮಲ್ಲೇ, ನಿಮ್ಮ ಜಿಲ್ಲೆಯಲ್ಲೇ ಇದ್ದಾರೆ.