ಜಿಮ್ಮಿಗೆ ಹೋಗ್ತೀನಲ್ಲ, ಕೂತ್ರೆ ಏನಂತೆ?

ಪ್ರಶ್ನೆ: ಸರ್, ನಮ್ಮೂರು ಮಂಡ್ಯ ಕಡೆ, ಮೈಸೂರಲ್ಲಿ ಎಂಎಸ್ಸಿ ಓದ್ತಿದೀನಿ. ಬೆಳಿಗ್ಗೆ ಕ್ಲಾಸಲ್ಲಿ ಕೂತ್ರೆ ಆಮೇಲೆ ಲೈಬ್ರರಿ, ಲ್ಯಾಪ್‌ಟಾಪು, ರಾತ್ರಿ ಮೊಬೈಲ್ ಗೇಮು, ಏಳೋದೇ ಇಲ್ಲ. ಆದ್ರೆ ವಾರಕ್ಕೆ ಮೂರು ದಿನ ಜಿಮ್ಮಲ್ಲಿ ವೆಯ್ಟ್ ಎತ್ತೋದು ತಪ್ಪಿಸಲ್ಲ, ಅಷ್ಟು ಸಾಕಲ್ವಾ? ಕುಕ್ಕರಹಳ್ಳಿ ಕೆರೆ ಒಂದ್ ರೌಂಡ್ ಹಾಕೋಣ ಬನ್ರೋ ಅಂದ್ರೆ ರೂಂಮೇಟ್ಸು 'ಯಾಕೆ ಅಂಕಲ್, ಶುಗರ್ ಬಂತಾ' ಅಂತ ಕಾಲೆಳೀತಾರೆ.
- ಹೆಸರು ಬೇಡ, ಮೈಸೂರು

ಉತ್ತರ: ಶುಗರ್ ಬಂದ್ಮೇಲೇ ನಡೀಬೇಕು ಅಂತ ಅವ್ರಿಗೆ ಯಾರಪ್ಪ ಹೇಳ್ಕೊಟ್ರು? ನಮ್ ಗಂಡ್ ಹೈಕ್ಳ ಕತೇನೇ ಇಷ್ಟು, ಎಕ್ಸರ್‌ಸೈಜ್ ಅಂದ್ರೆ ಟೀಶರ್ಟ್ ತೋಳು ಬಿಗಿ ಆಗ್ಬೇಕು, ಕನ್ನಡಿ ಮುಂದೆ ಸೆಲ್ಫಿ ಬರ್ಬೇಕು, ಕೂತಿದ್ದು ಯಾರ ಕಣ್ಣಿಗೂ ಬೀಳಲ್ವಲ್ಲ, ಅದ್ಕೇ ಲೆಕ್ಕಕ್ಕೂ ಬರಲ್ಲ. ಮೊನ್ನೆ ಒಬ್ಬ ಪಕ್ಕದ ಬೀದಿಯಿಂದ ಜಿಮ್ಮಿಗೆ ಬೈಕಲ್ಲಿ ಬಂದ, ಟ್ರೆಡ್‌ಮಿಲ್ ಮೇಲೆ ಬೆವರು ಸುರಿಸ್ದ, ಆಮೇಲೆ ಎದುರುಗಡೆ ಟೀ ಅಂಗಡಿಗೂ ಬೈಕಲ್ಲೇ ಹೋದ!

ಜಿಮ್ ಬಿಡು ಅಂತಿಲ್ಲ ಕಣಪ್ಪ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿರೋದು ವಾರಕ್ಕೆ 150ರಿಂದ 300 ನಿಮಿಷ ಬಿರುಸಾಗಿ ನಡೆಯೋ ಥರದ್ದು, ಜೊತೆಗೆ 2 ದಿನನಾದ್ರೂ ಸ್ನಾಯುಗಳಿಗೆ ಕೆಲಸ, ಅದಲ್ದೆ ಕೂರೋದನ್ನ ಕಮ್ಮಿ ಮಾಡಿ ಅಂತ ಬೇರೆನೇ ಹೇಳಿದೆ. ನಿಂದು ನಡುವಿಂದೊಂದೇ ಆಗಿರೋದು.

1953ರಲ್ಲೇ ಲಂಡನ್ನಲ್ಲಿ ಜೆರ್ರಿ ಮಾರಿಸ್ ಅನ್ನೋ ಡಾಕ್ಟ್ರು ಬಸ್ಸಿನವ್ರನ್ನ ಹೋಲಿಸಿ ನೋಡಿದ್ರು, ಡಬಲ್ ಡೆಕರಲ್ಲಿ ದಿನವಿಡೀ ಮೆಟ್ಟಿಲು ಹತ್ತಿ ಇಳಿದು ಟಿಕೆಟ್ ಕೊಡೋ ಕಂಡಕ್ಟರ್‌ಗಳಿಗಿಂತ ಸೀಟಲ್ಲೇ ಕೂತಿರೋ ಡ್ರೈವರ್‌ಗಳಿಗೆ ಹೃದಯದ ಕಾಯಿಲೆ ಜಾಸ್ತಿ ಇತ್ತು. (ಡ್ರೈವರ್‌ಗಳ ಯೂನಿಫಾರಂ ಪ್ಯಾಂಟಿನ ಸೊಂಟದ ಅಳತೆನೂ ದೊಡ್ಡದೇ ಅಂತ ಆಮೇಲೆ ಅವ್ರೇ ಬರೆದ್ರು, ಹಂಗಾಗಿ ಪೂರ್ತಿ ತಪ್ಪು ಸೀಟಿಂದೇ ಅನ್ನಕ್ಕಾಗಲ್ಲ.) ತೊಡೆ, ಮೀನಖಂಡ ಅಲ್ಲಾಡ್ದೆ ಬಿದ್ದಿದ್ರೆ ಉಂಡ ಮುದ್ದೆಯ ಸಕ್ಕರೆ ರಕ್ತದಲ್ಲೇ ಜಾಸ್ತಿ ಹೊತ್ತು ಸುತ್ತುತ್ತೆ, ಸೋಮವಾರ ಎತ್ತಿದ ಡಂಬೆಲ್ ಮಂಗಳವಾರದ ಊಟಕ್ಕೆ ಎಷ್ಟೂಂತ ಹೊಣೆ ಹೊರುತ್ತೆ ಹೇಳು.

ನೀರಿನ ಬಾಟ್ಲಿ ಚಿಕ್ಕದಿಟ್ಕೊ, ತುಂಬಿಸಕ್ಕಾದ್ರೂ ಏಳ್ತೀಯ. ಗೇಮಲ್ಲಿ ಒಂದ್ ಮ್ಯಾಚ್ ಮುಗೀತು ಅಂದ್ರೆ ಹಾಸ್ಟೆಲ್ ಮೆಟ್ಟಿಲು ಒಂದ್ಸಲ ಇಳಿದು ಹತ್ತು. ರೂಂಮೇಟ್ಸ್ ಹತ್ರ ವಾದ ಬೇಡ, ಭಾನುವಾರ ಬೆಳಿಗ್ಗೆ ಚಾಮುಂಡಿ ಬೆಟ್ಟದ ಮೆಟ್ಟಿಲಿಗೆ ಕರ್ಕೊಂಡ್ ಹೋಗು, ನಂದಿ ಹತ್ರ ಹೋಗೋಷ್ಟ್ರಲ್ಲಿ ಯಾರ್ಯಾರು ಎಷ್ಟ್ ಸಲ ಕೂತ್ರು ಅಂತ ನಂಗೆ ಬರಿ.