ಹಳೆ ಟಾಟಾ 407 ಲಾರಿ: ಘಾಟ್‌ನಲ್ಲಿ ಇಂಜಿನ್ ಕಾಯುತ್ತೆ, ಬ್ರೇಕ್ ಮೆತ್ತಗಾಗುತ್ತೆ. ಮೊದಲು ಯಾವುದು ಮಾಡಿಸಲಿ?

ಮೊದಲು ಬ್ರೇಕ್ ಮಾಡಿಸಿ ಅಣ್ಣ. ಅದಾಗುವವರೆಗೆ ಗಾಡಿಯನ್ನು ಖಂಡಾಲ ಘಾಟ್ ಕಡೆ ಬಿಡಲೇಬೇಡಿ. ಇಂಜಿನ್ ಕಾದರೆ ಬದಿಗೆ ಹಾಕಿ ನಿಲ್ಲಿಸಬಹುದು, ಆದರೆ ಹಾಗೆ ನಿಲ್ಲಿಸೋಕೂ ಬ್ರೇಕೇ ಬೇಕಲ್ಲ.

ನಾನು ಪುಣೆಯ ನಿಗಡಿ ಟ್ರಾನ್ಸ್‌ಪೋರ್ಟ್ ನಗರದಲ್ಲಿ ಗಾಡಿ ಕೆಲಸ ಮಾಡುವವನು. ಇಳಿಜಾರಿನಲ್ಲಿ ಪೆಡಲ್ ನೆಲ ಮುಟ್ಟುತ್ತೆ, ಘಾಟ್ ಕೆಳಗಿನ ಖೋಪೋಲಿಯಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿದರೆ ಮತ್ತೆ ಸರಿಹೋಗುತ್ತೆ ಅಂತ ಬರೆದಿದ್ದೀರಿ. ಹಾಗಾದರೆ ನನ್ನ ಅನುಮಾನ ಬ್ರೇಕ್ ಆಯಿಲ್ ಮೇಲೆ. ಅದು ಗಾಳಿಯ ತೇವ ಹೀರುತ್ತೆ. ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು. ತೇವ ಸೇರಿದ ಮೇಲೆ ಆ ಮಟ್ಟ 140ಕ್ಕೆ ಇಳಿಯಬಹುದು. ಕುದ್ದರೆ ಪೈಪಿನಲ್ಲಿ ಆವಿ ತುಂಬಿಕೊಳ್ಳುತ್ತೆ. ನೀವು ತುಳಿದದ್ದು ಆ ಆವಿಯನ್ನು ಒತ್ತೋದಕ್ಕೇ ಖರ್ಚಾಗಿ, ಚಕ್ರಕ್ಕೆ ತಲುಪೋದೇ ಇಲ್ಲ. ಪೆಡಲ್ ಗಟ್ಟಿಯಾಗೇ ಇದ್ದು ಗಾಡಿ ನಿಲ್ಲದಿದ್ದರೆ ಮಾತ್ರ ಲೈನರ್ (ಡ್ರಮ್ಮಿಗೆ ಉಜ್ಜಿ ಚಕ್ರ ನಿಲ್ಲಿಸೋ ಪಟ್ಟಿ) ಕಾದಿದೆ ಅನ್ನಿ. ತಣ್ಣಗಿದ್ದಾಗಲೂ, ಎಲ್ಲೂ ಸೋರದೆ, ತುಳಿದು ಹಿಡಿದ ಪೆಡಲ್ ನಿಧಾನಕ್ಕೆ ಕೆಳಗಿಳಿದರೆ ಮಾಸ್ಟರ್ ಸಿಲಿಂಡರ್ (ಪೆಡಲ್ ತುಳಿದಾಗ ಆಯಿಲ್ ತಳ್ಳೋ ಭಾಗ) ಒಳಗಿನ ವಾಷರ್ ಹೋಗಿದೆ.

ಚಕ್ರದ ಬ್ರೇಕ್ ಡ್ರಮ್ ಬಿಚ್ಚಿಸಿದಾಗ ನೀವೂ ಪಕ್ಕದಲ್ಲಿ ನಿಂತು ನೋಡಿ. ಲೈನರನ್ನು ಡ್ರಮ್ಮಿಗೆ ಒತ್ತೋ ವೀಲ್ ಸಿಲಿಂಡರಿನ ರಬ್ಬರ್ ಟೊಪ್ಪಿಯ ಅಂಚನ್ನು ಸ್ಕ್ರೂಡ್ರೈವರ್‌ನಿಂದ ಮೆಲ್ಲಗೆ ಎತ್ತಿಸಿ. ಒಳಗೆ ಆಯಿಲ್ ಜಿನುಗಿದ್ದರೆ ಹೊಸ ರಬ್ಬರ್ ಕಿಟ್ ಹಾಕಿಸಿ, ಸಿಲಿಂಡರಿನ ಒಳಗೋಡೆಯಲ್ಲಿ ತುಕ್ಕು ಕೊರೆದಿದ್ದರೆ ಸಿಲಿಂಡರನ್ನೇ ಬದಲಿಸಿ. ಆ ರಬ್ಬರನ್ನು ಡೀಸೆಲ್‌ನಲ್ಲಿ ತೊಳೆಯೋಕೆ ಬಿಡಬೇಡಿ, ಉಬ್ಬಿಹೋಗುತ್ತೆ. ಎಣ್ಣೆ ಕುಡಿದ ಲೈನರ್ ಒಂದೇ ಕಡೆ ಇದ್ದರೂ ಎರಡೂ ಕಡೆ ಬದಲಿಸಿ, ಇಲ್ಲಾಂದ್ರೆ ಗಾಡಿ ಒಂದು ಕಡೆಗೆ ಎಳೆಯುತ್ತೆ. ಹಳೆ ಲೈನರಿನ ಧೂಳನ್ನು ಏರ್ ಹೊಡೆದು ಹಾರಿಸಬಾರದು, ಅದರಲ್ಲಿ ಆಸ್ಬೆಸ್ಟಾಸ್ ಇರಬಹುದು. ಕೊನೆಗೆ ಹಳೆ ಆಯಿಲ್ ಪೂರ್ತಿ ಇಳಿಸಿ, ಹೊಸದು ಸ್ವಚ್ಛವಾಗಿ ಬರುವವರೆಗೆ ನಾಲ್ಕೂ ಚಕ್ರದ ಬ್ರೇಕ್ ಪೈಪಿನಲ್ಲಿರೋ ಏರ್ ತೆಗೆಸಿ.

ಇನ್ನು ಇಂಜಿನ್ ಕಾಯೋದು. ರೇಡಿಯೇಟರಿಗೆ ಬೋರ್‌ವೆಲ್ ನೀರು ಹಾಕ್ತಾ ಬಂದಿದ್ದರೆ ಒಳಗೆ ಸುಣ್ಣ ಕಟ್ಟಿರುತ್ತೆ. ಅದರ ಕೊಳವೆಗಳೊಳಗೆ ರಾಡ್ ಹೊಡೆಸಿ ತೊಳೆಸಿ, ಆಮೇಲೆ ಕೂಲೆಂಟ್ ತುಂಬಿ. ಫ್ಯಾನ್ ಬೆಲ್ಟ್ ಸಡಿಲವಿದೆಯಾ, ರೇಡಿಯೇಟರ್ ಕ್ಯಾಪಿನ ರಬ್ಬರ್ ಸೀಳಿದೆಯಾ ನೋಡಿ. ಥರ್ಮೋಸ್ಟಾಟ್ (ಇಂಜಿನ್ ಬಿಸಿಗೆ ತಕ್ಕಂತೆ ನೀರು ಬಿಡೋ ವಾಲ್ವ್) ಕಿತ್ತು ಬಿಸಾಕಿ ಅನ್ನೋ ಸಲಹೆ ಬಂದರೆ ಒಪ್ಪಬೇಡಿ, ಕೆಟ್ಟಿದ್ದರೆ ಹೊಸದು ಹಾಕಿಸಿ. ಖರ್ಚು ಮಾಡೋ ಮುಂಚೆ ಇದೊಂದು ಪರೀಕ್ಷೆ ಮಾಡಿ: ಇಂಜಿನ್ ತಣ್ಣಗಿದ್ದಾಗ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿ. ನೀರಿನಲ್ಲಿ ಗುಳ್ಳೆ ನಿಲ್ಲದೆ ಬರ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ ಹೆಡ್ ಕೆಳಗಿನ ಸೀಲು) ಹೋಗಿರಬಹುದು, ಆಗ ರೇಡಿಯೇಟರ್ ತೊಳೆಸಿ ಪ್ರಯೋಜನವಿಲ್ಲ.

ಡ್ರೈವರ್ ಡೀಸೆಲ್ ಉಳಿಸೋಕೆ ನ್ಯೂಟ್ರಲ್‌ನಲ್ಲಿ ಇಳಿಸ್ತಾನಾ ಕೇಳಿ. ಹೌದು ಅಂದರೆ ಆ ಅಭ್ಯಾಸ ಇವತ್ತೇ ಬಿಡಿಸಿ, ಹಾಗೆ ಇಳಿಸಿದರೆ ಭಾರವೆಲ್ಲ ಬ್ರೇಕ್ ಮೇಲೇ ಬೀಳುತ್ತೆ. ಘಾಟ್ ಯಾವ ಗೇರಿನಲ್ಲಿ ಹತ್ತಿದನೋ ಅದೇ ಗೇರಿನಲ್ಲಿ ಇಳಿಯಲಿ.